ಕರಟದಷ್ಟು ಉಪ್ಪು

“ಆ ಹೆಂಗಸಿನ ಹಿಮ್ಮಡಿಯ ಬಿರುಕುಗಳಲ್ಲಿ ಉಪ್ಪು ಕೂತು ಬೆಳ್ಳಗೆ ಗೆರೆ ಎಳೆದ ಹಾಗಿತ್ತು. ನೋಯುವುದಿಲ್ಲವೇ ಎಂದು ಕೇಳಿದೆ. ‘ನೋವಿಗೂ ಒಂದಿನ ಸುಸ್ತಾಗುತ್ತೆ ತಮ್ಮ, ಆಮೇಲೆ ಅದೇ ಸುಮ್ಮನಾಗುತ್ತೆ’ ಅಂದಳು.”

ವೈದ್ಯ ಬಾಂಗ್ ಹನೋಯಿಯ ಪತ್ರಿಕೆಯಿಂದ ಇಷ್ಟು ಓದಿ ಕನ್ನಡಕ ಸರಿಮಾಡಿಕೊಂಡರು. ಸಮುದ್ರದ ಏರಿಯ ಮೇಲಿದ್ದ ಚಹಾದ ಗುಡಿಸಲಿನಲ್ಲಿ ಕೂತಿದ್ದ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಹಿಂತಿರುಗಿ ನೋಡಿದರು. ಅಲ್ಲಿ, ಕಾವಡಿಯ ಎರಡು ತುದಿಗೂ ಸಮುದ್ರದ ನೀರಿನ ಬಿಂದಿಗೆ ತೂಗಿಸಿಕೊಂಡು ಲುವಾ ನಿಂತಿದ್ದಳು. ಉಸಿರು ತಿರುಗಿಸಿಕೊಳ್ಳಲೆಂದು ನಿಂತವಳು ತನ್ನ ಮಾತೇ ಕಿವಿಗೆ ಬಿದ್ದಾಗ ಹೆಜ್ಜೆ ಕೀಳುವುದನ್ನು ಮರೆತಿದ್ದಳು. ಎಲ್ಲರ ಕಣ್ಣೂ ತನ್ನ ಕಾಲಿನ ಮೇಲೆ ಬಿದ್ದದ್ದು ಗೊತ್ತಾಗಿ ಒಂದು ಪಾದವನ್ನು ಇನ್ನೊಂದರ ಹಿಂದೆ ಅಡಗಿಸಿಕೊಂಡಳು.

“ನೀನೇ ಕಣೇ ಲುವಾ!” ಎಂದು ಪಕ್ಕದ ಮನೆಯ ಚುಮ್ ಕೂಗಿದಳು. “ನಿನ್ನ ಹಿಮ್ಮಡಿ ಹನೋಯಿಗೆ ಹೋಗಿಬಂದೈತೆ. ನಾವು ಈ ಜನ್ಮದಾಗೆ ನೋಡದ ಊರಿಗೆ!”

ಗುಡಿಸಲು ನಕ್ಕಿತು. ಲುವಾಳಿಗೆ ನಗು ಬರಲಿಲ್ಲ. “ಯಾರು ಬರೆದದ್ದು?” ಎಂದಳು.

ವೈದ್ಯರು ಪತ್ರಿಕೆಯ ಮೂಲೆಯನ್ನು ಬೆರಳಿನಿಂದ ತೋರಿಸಿದರು. ಲುವಾಳಿಗೆ ಅಕ್ಷರ ಬಾರದು ಎಂಬುದು ಆಮೇಲೆ ನೆನಪಾಗಿ, “ತುಯೆನ್” ಎಂದರು, ಸ್ವಲ್ಪ ತಪ್ಪಿತಸ್ಥರ ದನಿಯಲ್ಲಿ.

ನಾಲ್ಕನೇ ತಿಂಗಳಲ್ಲಿ ಬಿಸಿಲು ಏರುವ ಹೊತ್ತಿಗೆ ಆ ಹುಡುಗ ಈ ಊರಿಗೆ, ದೋಂಗ್ ಬಾಯ್‌ಗೆ ಬಂದಿದ್ದ. ನನ್ನ ಅಕ್ಕನ ಮಗ, ಎದೆ ಬಲವಿಲ್ಲ, ಸಮುದ್ರದ ಗಾಳಿ ಬೇಕು ಎಂದು ವೈದ್ಯರೇ ಊರಿಗೆಲ್ಲ ಹೇಳಿದ್ದರು. ಗಾಳಿ ಕುಡಿಯಲು ಬಂದವನು ಸುಮ್ಮನೆ ಕೂರಲಿಲ್ಲ. ಕೆಲಸ ಕೊಡಿ ಎಂದು ಗೋಗರೆದ. ಗಂಡಸರಿಲ್ಲದ ಮನೆ ಎಂದು ಅವನನ್ನು ಲುವಾಳ ಪಾಲಿಗೆ ಕೊಟ್ಟರು. ಬಯಲಲ್ಲಿ ಮರಳು ಹರವಿ, ಸಮುದ್ರದ ನೀರು ಚಿಮುಕಿಸಿ, ಬಿಸಿಲಿಗೆ ಒಣಗಿಸಿ, ಮತ್ತೆ ಕೆರೆದು ಗುಡ್ಡೆ ಮಾಡಿ, ಆ ಉಪ್ಪು ಹಿಡಿದ ಮರಳನ್ನು ಗುಂಡಿಯಲ್ಲಿ ತೊಳೆದು ಸೋಸಿ, ಸೋಸಿದ ನೀರನ್ನು ಗಾರೆ ನೆಲಕ್ಕೆ ಹೊಯ್ದರೆ ಸಂಜೆಯ ಹೊತ್ತಿಗೆ ಉಪ್ಪು. ಮೊದಲ ದಿನವೇ ಹುಡುಗನ ಅಂಗೈಯಲ್ಲಿ ಗುಳ್ಳೆಗಳೆದ್ದು ಒಡೆದವು. ಒಡೆದ ಗುಳ್ಳೆಗೆ ಉಪ್ಪುನೀರು ತಾಗಿದಾಗ ಅವನು ಕೂಗಿದ ಕೂಗಿಗೆ ಬಯಲಿನ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಹೆಂಗಸರು ಬಿದ್ದು ಬಿದ್ದು ನಕ್ಕರು. ಆದರೂ ಹನ್ನೊಂದು ದಿನ ನಿಂತ. ಕೇಳುತ್ತಿದ್ದ, ಬರೀ ಕೇಳುತ್ತಿದ್ದ. ಅವನು ಏನನ್ನಾದರೂ ಬರೆದುಕೊಂಡದ್ದನ್ನು ಒಬ್ಬರೂ ನೋಡಿರಲಿಲ್ಲ.

“ಕಳ್ಳ ನನ್ಮಗ,” ಎಂದಳು ಚುಮ್. “ನನ್ನ ಮನೇಲಿ ಮೂರು ದಿನ ಏಡಿ ಸಾರು ಕುಡಿದವ್ನೆ. ಸಾರು ಸಪ್ಪೆ ಅಂತ ಬರೆದವ್ನಾ ನೋಡಿ ವೈದ್ಯರೇ.”

“ಬರೆದಿದ್ದಾನೆ,” ಎಂದರು ವೈದ್ಯರು.

ವೈದ್ಯರು ಮೆಲ್ಲಗೆ ಓದಿದರು. “ಈ ಊರಿನಲ್ಲಿ ನಾನು ಉಂಡ ಎಲ್ಲ ಊಟವೂ ಸಪ್ಪೆ. ದಿನಕ್ಕೆ ಬುಟ್ಟಿಗಟ್ಟಲೆ ಉಪ್ಪು ತೆಗೆಯುವ ಕೈಗಳು ಸಾರಿಗೆ ಒಂದು ಚಿಟಿಕೆ ಹಾಕುವಾಗ ನಡುಗುತ್ತವೆ. ತಾವು ತೆಗೆದದ್ದನ್ನೆಲ್ಲ ಸರ್ಕಾರದ ಉಗ್ರಾಣಕ್ಕೆ ಸುರಿದು, ಅದೇ ಉಪ್ಪನ್ನು ಎಂಟು ಪಾಲು ಹೆಚ್ಚು ಬೆಲೆಗೆ ಎರಡು ಹರಿದಾರಿ ನಡೆದು ಕೊಂಡು ತರಬೇಕು.”

ಈ ಸಲ ಯಾರೂ ನಗಲಿಲ್ಲ. ಗೊತ್ತಿಲ್ಲದ ಸಂಗತಿ ಒಂದೂ ಇರಲಿಲ್ಲ ಅದರಲ್ಲಿ. ಹುಟ್ಟಿದಾಗಿನಿಂದ ನೋಡಿದ್ದು, ಉಂಡದ್ದು, ಅನುಭವಿಸಿದ್ದು. ಆದರೂ ಇನ್ನೊಬ್ಬರ ಬಾಯಿಂದ, ಅಚ್ಚಾದ ಕಾಗದದಿಂದ ಕೇಳಿದಾಗ ಅದು ಬೇರೆಯೇ ಕೇಳಿಸುತ್ತಿತ್ತು. ಹುಟ್ಟಿದಾಗಿನಿಂದ ಹೊತ್ತದ್ದನ್ನು ಈಗ ಕೆಳಗಿಳಿಸಿ ಎದುರಿಗಿಟ್ಟು ನೋಡುವವರ ಹಾಗೆ ಎಲ್ಲರೂ ಕೂತಿದ್ದರು.

ಆ ವರ್ಷ, ಈ ಸೀಮೆಯನ್ನು ಆಳುತ್ತಿದ್ದ ಫ್ರಾನ್ಸಿನಲ್ಲಿ ಸರ್ಕಾರ ಬದಲಾಗಿತ್ತಂತೆ. ಪತ್ರಿಕೆಗಳ ಬಾಯಿಗೆ ಕಟ್ಟಿದ್ದ ಬಟ್ಟೆ ಒಂದಿಷ್ಟು ಸಡಿಲಾಗಿತ್ತಂತೆ. ವೈದ್ಯರು ಹೀಗೆಂದು ಹೇಳುತ್ತಿದ್ದರು. ದೋಣಿಕಟ್ಟೆಗೆ ವಾರಕ್ಕೆರಡು ಸಲ ಪತ್ರಿಕೆ ಬರುತ್ತಿತ್ತು. ಅದು ಬಂದ ದಿನ ಬಯಲಲ್ಲಿ ಕೆಲಸ ಬೇಗ ಮುಗಿಯತೊಡಗಿತು.

ಎರಡನೇ ಕಂತಿನಲ್ಲಿ ಉಗ್ರಾಣದ ಬಾಗಿಲು ಬಂತು. ಸಂಜೆ ಉಪ್ಪು ಸುರಿದು ಹೊರಬರುವ ಹೆಂಗಸರನ್ನು ಸುಂಕದ ಪೇದೆಗಳು ಸಾಲಾಗಿ ನಿಲ್ಲಿಸುವುದು, ಕುಪ್ಪಸದ ಅಂಚು ಹಿಂಡಿಸುವುದು, ಕೈಕಾಲು ತೊಳೆಸಿ ಆ ನೀರನ್ನು ಅಲ್ಲೇ ಚೆಲ್ಲಿಸುವುದು, ನಾಲಗೆಯಡಿ ಹರಳು ಇಟ್ಟುಕೊಂಡಿದ್ದಾರೋ ಎಂದು ಬಾಯಿ ತೆರೆಸಿ ನೋಡುವುದು. ಬೈಗುಳ ಒಂದೂ ಇರಲಿಲ್ಲ. ಯಾರು ಮೊದಲು ನಿಂತರು, ಯಾರ ಗದ್ದಕ್ಕೆ ಯಾರು ಕೈ ಹಾಕಿದರು, ಅಷ್ಟೇ ಬರೆದಿದ್ದ. ಎಪ್ಪತ್ತರ ಮುದುಕಿಯೊಬ್ಬಳು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದ ಸಾಲು ಬಂದಾಗ ಗುಡಿಸಲಿನ ಗಂಡಸರು ತಲೆ ತಗ್ಗಿಸಿದರು. ಅವರಲ್ಲಿ ಒಬ್ಬ ಎದ್ದು ಹೊರಗೆ ಹೋಗಿ, ಸುಮ್ಮನೆ ಸಮುದ್ರದ ಕಡೆ ಮುಖ ಮಾಡಿ ನಿಂತ. ಆ ಮುದುಕಿ ಅವನ ತಾಯಿ.

ಲುವಾಳಿಗೆ ಮಾತ್ರ ಬೇರೆಯದೇ ಚಿಂತೆ. ತುಯೆನ್ ಹೊರಡುವ ಹಿಂದಿನ ದಿನ, ಮಧ್ಯಾಹ್ನ, ಗಾಳಿಮರದ ನೆರಳಿನಲ್ಲಿ ಗೆಣಸು ತಿನ್ನುತ್ತಾ ಅವನಿಗೆ ಒಂದು ಮಾತು ಹೇಳಿಬಿಟ್ಟಿದ್ದಳು. ಹೆತ್ತ ಮಗಳಿಗೂ ಹೇಳದ ಮಾತು. ಪರವೂರಿನವನು, ನಾಳೆ ಹೋಗಿಬಿಡುತ್ತಾನೆ, ಅವನ ಜೊತೆ ಅದೂ ಹೋಗಲಿ ಎಂದುಕೊಂಡು.

ಐದು ವರ್ಷದ ಹಿಂದೆ ಮಗಳು ಮೋ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತಿಗೆ ಹುರಿದ ಉಪ್ಪು ಹಾಕಿ ಅನ್ನ ಕೊಡಬೇಕು, ಬಿಸಿ ಉಪ್ಪು ಗಂಟು ಕಟ್ಟಿ ಹೊಟ್ಟೆಗೆ ಶಾಖ ಕೊಡಬೇಕು. ಅಂಗಡಿಯಲ್ಲಿ ಕೊಂಡುತರಲು ಕೈಯಲ್ಲಿ ಏನೂ ಇರಲಿಲ್ಲ. ಲುವಾ ಹದಿನೈದು ದಿನ ಗಾರೆ ನೆಲದ ಅಂಚಿನಿಂದ ಉಗುರಿನಲ್ಲಿ ಕೆರೆದು ಕೆರೆದು, ತಲೆಗೂದಲ ಗಂಟಿನೊಳಗೆ ಇಟ್ಟುಕೊಂಡು ಮನೆಗೆ ತಂದು, ಒಂದು ಕರಟ ತುಂಬಿಸಿ ಒಲೆಯ ಬೂದಿಯಲ್ಲಿ ಹೂತಿಟ್ಟು, ದಿನಾ ಅನ್ನಕ್ಕೆ ಒಂದೊಂದು ಚಿಟಿಕೆ ತೆಗೆಯುತ್ತಿದ್ದಳು. ಸುಂಕದ ದಫೇದಾರ ಥಿಯೆಮ್ ಒಂದು ಬೆಳಗ್ಗೆ ನುಗ್ಗಿ ಬೂದಿ ಕೆದಕಿದ. “ಯಾರದ್ದು ಇದು?” ಎಂದು ಕೇಳಿದಾಗ ಲುವಾ ಬಾಯಿ ತೆರೆಯುವ ಮೊದಲೇ ಗಂಡ ದ್ವಾನ್ ಒಂದು ಹೆಜ್ಜೆ ಮುಂದೆ ಬಂದು “ನಂದು” ಎಂದುಬಿಟ್ಟ. ಮೂರು ತಿಂಗಳು ಜೈಲು. ವಾಪಸು ಬಂದಾಗ ಎದೆಯಲ್ಲಿ ಕೆಮ್ಮು ಮನೆ ಮಾಡಿತ್ತು. ಹೊಸ ವರ್ಷದ ಹಬ್ಬ ಅವನು ನೋಡಲಿಲ್ಲ.

ಅಂದಿನಿಂದ ಅತ್ತೆ ದಿನಾ ಸಂಜೆ ಹಿರಿಯರ ಪೀಠದ ಮುಂದೆ ಊದುಬತ್ತಿ ಹಚ್ಚಿ ಮಗನನ್ನು ಬೈಯುತ್ತಿದ್ದಳು. “ನಿಂಗ್ಯಾಕೆ ಬೇಕಿತ್ತೋ ಮಗನೇ ಆ ಉಪ್ಪು? ಕೇಳಿದ್ರೆ ನಾನು ಕಣ್ಣೀರು ಕೊಡ್ತಿರಲಿಲ್ವಾ ಸಾರಿಗೆ ಹಾಕ್ಕೊಳ್ಳಕ್ಕೆ?” ಬಾಗಿಲ ಹಿಂದೆ ನಿಂತು ಲುವಾ ದಿನಾ ಅದನ್ನು ಕೇಳುತ್ತಿದ್ದಳು. ಜೈಲಿಗಿಂತ ಅವಳಿಗೆ ಆ ಮುದುಕಿಯ ಭಯ. ನನ್ನ ಮಗನನ್ನು ತಿಂದವಳು ನೀನು ಎಂದುಬಿಟ್ಟರೆ? ಆ ಮನೆಯಲ್ಲಿ ಇಬ್ಬರೇ ಇರುವುದು. ಒಬ್ಬರ ಮುಖ ಒಬ್ಬರು ನೋಡದಂತಾದರೆ ಎಲ್ಲಿಗೆ ಹೋಗುವುದು?

ಮೂರನೇ ಕಂತು ಬರುವ ದಿನ ಅವಳು ವೈದ್ಯರ ಮನೆಗೆ ಹೋದಳು.

“ಇವತ್ತು ಓದಬೇಡಿ.”

“ಓದದಿದ್ರೆ ನನ್ನ ಔಷಧಿ ಡಬ್ಬಿಗಳನ್ನೆಲ್ಲ ಸಮುದ್ರಕ್ಕೆ ಎಸೀತಾರೆ ಕಣವ್ವ. ಯಾಕೆ, ಏನಾಯ್ತು?”

ಲುವಾ ಬಂದ ದಾರಿಯಲ್ಲೇ ವಾಪಸಾದಳು. ಸಂಜೆ ಗುಡಿಸಲಿನ ಹೊರಗೆ, ಯಾರಿಗೂ ಕಾಣದ ಹಾಗೆ ಹುಲ್ಲು ಗೋಡೆಗೆ ಒರಗಿ ಕೇಳಿದಳು. ವೈದ್ಯರು ಕರಟದ ಸಂಗತಿ ಓದಿದರು. ಗಂಡ ಹೆಜ್ಜೆ ಮುಂದಿಟ್ಟದ್ದನ್ನು ಓದಿದರು. ಜೈಲು, ಕೆಮ್ಮು, ಸಾವು. ಲುವಾ ತುಟಿ ಕಚ್ಚಿಕೊಂಡು ಕಾದಳು. ಕೊನೆಗೆ ಬಂದದ್ದು ಇಷ್ಟು: “ಆ ಕರಟವನ್ನು ಬೂದಿಯಲ್ಲಿ ಹೂತಿಟ್ಟವರು ಯಾರೆಂದು ನನಗೆ ಗೊತ್ತು. ಅದನ್ನು ಹೇಳುವ ಹಕ್ಕು ನನ್ನದಲ್ಲ.”

ಅವಳು ಹುಲ್ಲು ಗೋಡೆಯ ಬುಡದಲ್ಲೇ ಕೂತಳು. ಆ ಬಡಕಲು ಹುಡುಗ ಅವಳ ಗುಟ್ಟನ್ನು ಕಾಪಾಡಿದ್ದ.

ತಿಂಗಳು ಕಳೆಯುವುದರೊಳಗೆ ಹನೋಯಿಯಲ್ಲಿ ಗದ್ದಲ ಎದ್ದಿದೆ ಎಂಬ ಸುದ್ದಿ ಬಂತು. ಮನೆಮನೆಯಲ್ಲಿ ಓದಿದರಂತೆ, ಫ್ರೆಂಚ್ ಭಾಷೆಗೂ ಅದನ್ನು ತಿರುಗಿಸಿ ಹಾಕಿದರಂತೆ. ಸುಂಕದವರು ಸುಮ್ಮನಿರಲಿಲ್ಲ. ಬರೆದದ್ದೆಲ್ಲ ಕಟ್ಟುಕಥೆ, ಸರ್ಕಾರಕ್ಕೆ ಮಸಿ ಬಳಿಯುವ ಹುನ್ನಾರ ಎಂದು ತುಯೆನ್ ಮೇಲೆ ಮೊಕದ್ದಮೆ ಹೂಡಿದರು. ವಿಚಾರಣೆ ಮಾಡಲು ಫ್ರೆಂಚರ ದೊಡ್ಡ ಸಾಹೇಬನೊಬ್ಬ ತಾಲೂಕಿಗೆ ಬರುತ್ತಾನೆ ಎಂದಾಯಿತು.

ದಫೇದಾರ ಥಿಯೆಮ್ ಬಯಲಿಗೇ ಬಂದ. ಲುವಾ ಮರಳು ಕೆರೆಯುತ್ತಿದ್ದಳು. ಬಿಳಿ ಬೂಟಿಗೆ ಕೆಸರು ತಾಗದಂತೆ ಅವನು ಗಾರೆ ನೆಲದ ಅಂಚಿನ ಮೇಲೆ ನಿಂತುಕೊಂಡ.

“ಏನಮ್ಮಿ, ದೊಡ್ಡ ಮನುಷ್ಯಳಾಗಿಬಿಟ್ಟೆ. ಪೇಪರ್ ತುಂಬ ನೀನೇ ಅಂತೆ.”

“ನಂಗೆ ಓದಾಕೆ ಬರಲ್ಲ ಸಾಹೇಬ್ರೇ.”

“ಬರದಿರೋದೇ ಒಳ್ಳೇದು. ಕೇಳು ಇಲ್ಲಿ. ನಿನ್ನ ಗಂಡನ ಮನೇಲಿ ಸಿಕ್ಕಿದ್ದು ಎರಡು ಬುಟ್ಟಿ ಉಪ್ಪು, ಕದ್ದು ಮಾರೋಕೆ ಇಟ್ಟಿದ್ದು. ದಾಖಲೆಯಲ್ಲಿ ಹಂಗೇ ಐತೆ.”

ಲುವಾ ಮರಳು ಕೆರೆಯುವ ಹಲಗೆ ಕೆಳಗಿಟ್ಟಳು. “ಎರಡು ಬುಟ್ಟಿನಾ?”

“ಎರಡು ಬುಟ್ಟಿ. ದೊಡ್ಡ ಕಳ್ಳತನ ಹಿಡಿದೆ ಅಂತ ನಂಗೆ ಇನಾಮೂ ಬಂತು.” ಅವನು ಮುಚ್ಚುಮರೆಯಿಲ್ಲದೆ ನಕ್ಕ. “ಆ ಹುಡುಗ ಬರೀ ಕರಟ ಅಂತ ಬರೆದವ್ನೆ. ಸುಳ್ಳು ಅಂತ ನೀನು ಸಾಹೇಬರ ಮುಂದೆ ಹೇಳಿದ್ರೆ ಮುಗೀತು. ಅವನು ಒಳಗೆ ಹೋಗ್ತಾನೆ, ನೀನು ಮನೆಗೆ ಹೋಗ್ತೀಯ. ಕರಟ ಅಂದ್ಯೋ, ನಿಂಗೆ ಹೆಂಗೆ ಗೊತ್ತು ಅಂತಾರೆ. ನೋಡಿದವಳು ನೀನು, ಇಟ್ಟವಳೂ ನೀನೇ ಅಂತಾಯ್ತದೆ. ಆಮೇಲೆ ನಿನ್ನ ಗಂಡ ಮಲಗಿದ್ದ ಚಾಪೆ ಮೇಲೇ ನೀನೂ ಮಲಗ್ತೀಯ. ಮುದುಕಿಗೆ ಗಂಜಿ ಯಾರು ಹಾಕ್ತಾರೋ ನೋಡ್ಕೋ.”

ಅವನು ಹೋದ ಮೇಲೆ ಲುವಾ ಹಲಗೆ ಎತ್ತಿಕೊಂಡು ಮತ್ತೆ ಮರಳು ಕೆರೆಯತೊಡಗಿದಳು. ಎರಡು ಬುಟ್ಟಿ! ದ್ವಾನ್ ಬದುಕಿದ್ದಾಗ ಒಬ್ಬರ ಮರದಿಂದ ಒಂದು ಹಣ್ಣು ಕಿತ್ತವನಲ್ಲ. ತನ್ನ ತಪ್ಪು ಹೊತ್ತುಕೊಂಡದ್ದು ಒಂದು. ಈ ದಫೇದಾರನ ಸುಳ್ಳನ್ನೂ ಅವನೇ ಹೊತ್ತುಕೊಂಡು ಮಣ್ಣಿನಡಿ ಮಲಗಿದ್ದಾನೆ ಎಂಬುದು ಐದು ವರ್ಷದ ಮೇಲೆ ಅವಳಿಗೆ ಗೊತ್ತಾಗುತ್ತಿತ್ತು. ಅಷ್ಟು ದಿನದ ಭಯದ ಪಕ್ಕದಲ್ಲಿ ಬೇರೇನೋ ಬಂದು ಕೂತಿತು. ಅದು ಸಿಟ್ಟೆಂದು ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ವಿಚಾರಣೆಯ ದಿನ ಅತ್ತೆ ಬೆಳಗ್ಗೆಯೇ ಕಂದು ಬಣ್ಣದ ನಿಲುವಂಗಿ ತೊಟ್ಟು, ಎಲೆ ಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂತಿದ್ದಳು.

“ನೀವೆಲ್ಲಿಗೆ?” ಎಂದಳು ಲುವಾ.

“ನನ್ನ ಮಗನ ಮಾತು ಆಡ್ತಾರಂತಲ್ಲ, ಕೇಳೋಕೆ. ಕಣ್ಣು ಮಂಜು, ಕಿವಿ ಚೆನ್ನಾಗೈತೆ.”

“ಬಿಸಿಲು ಜಾಸ್ತಿ ಅತ್ತೆ.”

“ಬಿಸಿಲಿಲ್ಲದ ದಿನ ಯಾವತ್ತಾದ್ರೂ ಉಂಡಿದ್ದೀವಾ? ಕೈ ಹಿಡ್ಕೋ, ನಡಿ.”

ತಾಲೂಕಿನ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಪ್ಪಿನ ಬಯಲಿನ ಆರೂರಿನ ಜನ ಬಂದಿದ್ದರು. ದೊಡ್ಡ ಸಾಹೇಬ ಎತ್ತರದ ಮನುಷ್ಯ. ಬೆವರಿ ಕೆಂಪಗಾಗಿ, ಕತ್ತಿನ ಪಟ್ಟಿಯೊಳಗೆ ಕರವಸ್ತ್ರ ಸಿಕ್ಕಿಸಿಕೊಂಡು ಕೂತಿದ್ದ. ಪಕ್ಕದಲ್ಲಿ ಎಣ್ಣೆ ಹಚ್ಚಿದ ತಲೆಯ ದುಭಾಷಿ. ಒಂದು ಬದಿಯ ಬೆಂಚಿನಲ್ಲಿ ದಫೇದಾರ ಥಿಯೆಮ್ ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ಎದುರು ಬದಿಯಲ್ಲಿ ತುಯೆನ್. ಮೊದಲಿಗಿಂತಲೂ ಬಡಕಲಾಗಿದ್ದ. ಲುವಾ ಒಳಗೆ ಬಂದದ್ದನ್ನು ನೋಡಿದವನು ತಟ್ಟನೆ ಮುಖ ಬೇರೆ ಕಡೆ ತಿರುಗಿಸಿದ. ತನ್ನ ನೋಟ ಅವಳಿಗೆ ಭಾರವಾದೀತು ಎಂದು ಹಾಗೆ ಮಾಡಿದ್ದಾನೆಂದು ಅವಳಿಗೆ ಅರ್ಥವಾಯಿತು.

ದಾಖಲೆ ಓದಿದರು. ಎರಡು ಬುಟ್ಟಿ. ಆಮೇಲೆ ಸಾಹೇಬ ತುಯೆನ್‌ನನ್ನು ಕೇಳಿದ. ಕರಟ ಎಂದು ನಿಮಗೆ ಹೇಳಿದವರು ಯಾರು?

“ಹೇಳುವುದಿಲ್ಲ.”

“ಅಂದರೆ ಸಾಕ್ಷಿ ಇಲ್ಲ?”

ಥಿಯೆಮ್‌ನ ಬೀಸಣಿಗೆ ಸಲೀಸಾಗಿ ಆಡುತ್ತಿತ್ತು. ಸಾಹೇಬ ಏನೋ ಬರೆದುಕೊಳ್ಳಲು ಪೆನ್ನು ಶಾಯಿಯಲ್ಲಿ ಅದ್ದಿದ.

“ನಾನು ಹೇಳಿದ್ದು,” ಎಂದಳು ಲುವಾ.

ಅಷ್ಟು ಜನರ ನಡುವೆ ತನ್ನ ದನಿ ಅಷ್ಟು ದೂರ ಹೋದೀತೆಂದು ಅವಳೇ ಎಣಿಸಿರಲಿಲ್ಲ. ಜನ ದಾರಿ ಬಿಟ್ಟರು. ಮುಂದೆ ಬಂದು ಮೇಜಿನ ಎದುರು ನಿಂತಳು. ಆಮೇಲೆ ಮಗಳ ಹೆರಿಗೆ, ಉಗುರಿನಲ್ಲಿ ಕೆರೆದದ್ದು, ತಲೆಗೂದಲ ಗಂಟು, ಬೂದಿ, ಎಲ್ಲ ಒಂದರ ಹಿಂದೊಂದು ಬಂತು. ಅವಳು ನಿಲ್ಲಿಸಿದಾಗ ದುಭಾಷಿ ಸಾಹೇಬನ ಕಡೆ ಬಾಗಿ ಚುಟುಕಾಗಿ ಏನೋ ಹೇಳಿದ. ಸಾಹೇಬ ತಲೆಯಾಡಿಸಿ, ಹೋಗು ಎಂದು ಕೈ ಮಾಡಿದ.

ಲುವಾ ಕದಲಲಿಲ್ಲ. ದುಭಾಷಿಯನ್ನೇ ನೋಡಿದಳು.

“ಏನಪ್ಪಾ, ನಾನು ಅಷ್ಟುದ್ದ ಹೇಳಿದೆ, ನೀನು ಎರಡೇ ಮಾತಲ್ಲಿ ಮುಗಿಸಿಬಿಟ್ಟೆ. ಉಳಿದಿದ್ದು ಯಾರ ಜೇಬಿಗೆ ಹೋಯ್ತು?”

ಚಾವಡಿ ಮಾಡಿನ ಹೆಂಚು ಹಾರಿಹೋಗುವ ಹಾಗೆ ನಕ್ಕಿತು. ಹೊರಗೆ ನಿಂತವರು ಏನಂತೆ ಏನಂತೆ ಎಂದು ಕೇಳಿ ಅವರೂ ನಕ್ಕರು. ದುಭಾಷಿಯ ಕಿವಿ ಕೆಂಪಾಯಿತು. ಯಾಕೆ ನಗುತ್ತಾರೆ ಎಂದು ಸಾಹೇಬ ಗದರಿದ. ತುಯೆನ್ ಎದ್ದು ನಿಂತು, ಅವಳು ಕೇಳಿದ ಪ್ರಶ್ನೆಯನ್ನು ಫ್ರೆಂಚಿನಲ್ಲಿ ಅಕ್ಷರ ಬಿಡದೆ ಹೇಳಿದ. ಸಾಹೇಬ ದುಭಾಷಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ ಬೆರಳು ಮಾಡಿ ಅವನನ್ನು ಎಬ್ಬಿಸಿ, ಆ ಕುರ್ಚಿಗೆ ಶಾಲೆಯ ಹೆಡ್‌ಮಾಸ್ತರರನ್ನು ಕರೆಸಿದ.

“ಮೊದಲಿಂದ ಹೇಳಮ್ಮ,” ಎಂದರು ಹೆಡ್‌ಮಾಸ್ತರರು. “ನಿಧಾನವಾಗಿ ಹೇಳು. ಒಂದು ಮಾತೂ ನಾನು ಇಟ್ಕೊಳ್ಳಲ್ಲ.”

ಲುವಾ ಮೊದಲಿಂದ ಹೇಳಿದಳು. ಅವಳೊಂದು ಮಾತು, ಮಾಸ್ತರರದೊಂದು ಮಾತು. ಸಾಹೇಬ ಬರೆಯುತ್ತಾ ಹೋದ. ಕೊನೆಗೆ ಪೆನ್ನು ನಿಲ್ಲಿಸಿ ಕೇಳಿದ. ಉಪ್ಪು ಬಚ್ಚಿಟ್ಟದ್ದು ಅಪರಾಧ. ನೀನೇ ಮಾಡಿದೆ ಎಂದು ನೀನೇ ಒಪ್ಪುತ್ತಿದ್ದೀಯ. ಗೊತ್ತಿದೆಯೇ?

“ಗೊತ್ತು. ಐದು ವರ್ಷದಿಂದ ಗೊತ್ತು. ನನ್ನ ಗಂಡ ಉಪ್ಪು ಮುಟ್ಟಿಲ್ಲ. ಇಟ್ಟವಳು ನಾನು. ಇಟ್ಟಿದ್ದು ಒಂದು ಕರಟ. ಎರಡು ಬುಟ್ಟಿ ಅಂತ ಬರೆದ ಕೈ ಅಲ್ಲಿ ಬೀಸಣಿಗೆ ಹಿಡ್ಕೊಂಡು ಕೂತೈತೆ. ಆ ಹುಡುಗ ಸುಳ್ಳು ಬರೆದಿಲ್ಲ. ಬರೆದಿದ್ದು ಕಡಿಮೆ ಆಯ್ತು, ಅಷ್ಟೇ.”

“ಸುಳ್ಳು!” ಎಂದು ಥಿಯೆಮ್ ಎದ್ದ. “ಗಂಡನ ಹೆಸರು ಉಳಿಸೋಕೆ ಕಥೆ ಕಟ್ತಾಳೆ. ಅವನು ಅವತ್ತೇ ಒಪ್ಕೊಂಡವ್ನೆ!”

ಆಗ ಹಿಂದಿನಿಂದ ಬಿದಿರು ಕೋಲು ನೆಲಕ್ಕೆ ಕುಟ್ಟಿದ ಸದ್ದು ಕೇಳಿತು. ತಿರುಗಿ ನೋಡಲು ಲುವಾಳಿಗೆ ಧೈರ್ಯವಾಗಲಿಲ್ಲ. ಅತ್ತೆ ಚುಮ್‌ಳ ಹೆಗಲು ಹಿಡಿದು ಮೆಲ್ಲಗೆ ಮುಂದೆ ಬಂದಳು. ಸೊಸೆಯ ಪಕ್ಕ ಬಂದು ನಿಂತಳು. ಥಿಯೆಮ್‌ನ ದನಿ ಬಂದ ಕಡೆ ಮುಖ ಮಾಡಿದಳು.

“ನನ್ನ ಮಗ ತನ್ನ ಚಲ್ಲಣ ಎಲ್ಲೈತೆ ಅಂತ ಹೆಂಡ್ತೀನ ಕೇಳೋನು ಕಣಪ್ಪಾ. ಅಡುಗೆಮನೆಗೆ ಒಂದಿನ ಕಾಲಿಟ್ಟವನಲ್ಲ. ಬೂದಿ ಎಲ್ಲಿರ್ತದೆ, ಕರಟ ಎಲ್ಲಿರ್ತದೆ ಅವನಿಗೇನು ಗೊತ್ತು? ನಂದು ಅಂತ ಅವನು ಅಂದ ಗಳಿಗೇಲೇ ನಂಗೆ ಗೊತ್ತಾಯ್ತು, ಇದು ಇವಳದ್ದು ಅಂತ.”

ಲುವಾ ಅತ್ತೆಯ ಕಡೆ ತಿರುಗಿದಳು. ಚಾವಡಿಯೂ ಸಾಹೇಬನೂ ಮರೆತುಹೋಗಿ, “ಮತ್ತೆ ದಿನಾ ಅವರನ್ನ ಬೈತಿದ್ರಲ್ಲ ಅತ್ತೆ?” ಎಂದಳು.

“ಬೈತಿದ್ದೆ. ನೀನು ಬಾಗಿಲ ಹಿಂದೆ ನಿಂತಿರ್ತಿದ್ದೆ ಅಂತ ಗೊತ್ತಿರಲಿಲ್ವಾ ನಂಗೆ? ಇವತ್ತಾದ್ರೂ ಹೊರಗೆ ಬಂದು ಬಾಯಿ ಬಿಡ್ತಾಳೆ, ನಾಳೆಯಾದ್ರೂ ಬಿಡ್ತಾಳೆ ಅಂತ ಬೈತಿದ್ದೆ. ಐದು ವರ್ಷ ಮಾಡಿದೆ ನೋಡು ನೀನು. ಮೊಂಡಿ.” ಮುದುಕಿ ಕೈ ಚಾಚಿ, ತಡಕಿ, ಸೊಸೆಯ ಮೊಣಕೈ ಹಿಡಿದುಕೊಂಡಳು. “ನನ್ನ ಮೊಮ್ಮಗಳ ಹೊಟ್ಟೆ ಕಾಸೋಕೆ ಇಟ್ಟ ಉಪ್ಪು ಅದು. ತಪ್ಪೇನೈತೆ ಅದರಲ್ಲಿ? ಬರ್ಕೊಳ್ಳಿ ಸಾಹೇಬ್ರೇ, ಇವಳನ್ನ ಒಳಗೆ ಹಾಕಿದ್ರೆ ನನ್ನೂ ಹಾಕಿ. ಆ ಉಪ್ಪಲ್ಲಿ ಮಾಡಿದ ಅನ್ನ ಒಂದು ತುತ್ತು ನಾನೂ ತಿಂದಿದ್ದೆ.”

ಹೆಡ್‌ಮಾಸ್ತರರು ಅದನ್ನೂ ಒಂದು ಮಾತು ಬಿಡದೆ ತಿರುಗಿಸಿ ಹೇಳಿದರು.

ಸಾಹೇಬ ಬಾಯಿ ತೆರೆಯುವಷ್ಟರಲ್ಲಿ ಚುಮ್ ಮುಂದೆ ಬಂದಳು. “ನಂದೂ ಬರ್ಕೊಳ್ಳಿ. ನನ್ನ ಮೈದುನನ ಮನೇಲಿ ಸಿಕ್ಕಿದ್ದು ಒಂದು ಹಿಡಿ. ದಾಖಲೇಲಿ ಒಂದು ಬುಟ್ಟಿ ಅಂತ ಇರ್ತದೆ, ನೋಡ್ಕೊಳ್ಳಿ. ಇಟ್ಟವಳು ನಾನು.” ಅವಳ ಹಿಂದೆ ಇನ್ನೊಬ್ಬಳು. “ನಮ್ಮನೇದು ಮೀನಿನ ಹೊಟ್ಟೇಲಿ ತುಂಬಿಸಿಟ್ಟಿದ್ದು.” “ನಾನು ದಿಂಬಿನೊಳಗೆ.” “ನಾನು ಮಗೀನ ಜೋಲೀಲಿ.” ಬಾಗಿಲಿನಿಂದ ಮೇಜಿನವರೆಗೆ ಹೆಂಗಸರ ಸಾಲು ಬೆಳೆಯಿತು. ಆರೂರಿನ ಹೆಂಗಸರು, ಕಪ್ಪು ಹಲ್ಲಿನ ಮುದುಕಿಯರಿಂದ ಹಿಡಿದು ಕೂಸು ಎತ್ತಿಕೊಂಡ ಬಾಣಂತಿಯರವರೆಗೆ. ಎಷ್ಟೋ ವರ್ಷ ಉಗ್ರಾಣದ ಬಾಗಿಲಲ್ಲಿ ತಲೆ ತಗ್ಗಿಸಿ ಸಾಲು ನಿಂತವರು ಇಲ್ಲಿ ತಲೆ ಎತ್ತಿ ನಿಂತಿದ್ದರು. ನಾ ಮುಂದು ತಾ ಮುಂದು ಎಂದು ತಳ್ಳಾಡುತ್ತಿದ್ದರು. ಸಾಹೇಬ ಬರೆದ. ಶಾಯಿ ಮುಗಿಯಿತು. ತರಿಸಿಕೊಂಡು ಮತ್ತೆ ಬರೆದ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಥಿಯೆಮ್‌ನ ಬೀಸಣಿಗೆ ಯಾವಾಗಲೋ ನಿಂತುಹೋಗಿತ್ತು. ಅವನ ಕುತ್ತಿಗೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

ಕೊನೆಗೆ ಸಾಹೇಬ ಕಾಗದಗಳನ್ನು ಒಟ್ಟುಮಾಡಿದ. ಅರವತ್ತಮೂರು ಜನರನ್ನು ಒಂದೇ ಸಲ ಹಿಡಿಸುವ ಜೈಲು ಈ ಸೀಮೆಯಲ್ಲಿಲ್ಲ ಎಂದ. ಅದು ತಮಾಷೆಯೋ ನಿಜವೋ ಯಾರಿಗೂ ತಿಳಿಯಲಿಲ್ಲ. ಪತ್ರಿಕೆಯವನು ಬರೆದದ್ದು ಸುಳ್ಳೆಂದು ತನಗೆ ಕಂಡುಬಂದಿಲ್ಲ ಎಂದ. ಅದು ಎಲ್ಲರಿಗೂ ತಿಳಿಯಿತು.

ಹೊರಗೆ ಗೋಳಿಮರದ ಕೆಳಗೆ ಜನ ತುಯೆನ್‌ನನ್ನು ಮುತ್ತಿಕೊಂಡರು. ಚುಮ್ ಅವನ ಕಿವಿ ಹಿಂಡಿ, “ಸಪ್ಪೆ ಸಾರು ಅಂತ ಬರೀತೀಯೇನೋ? ಬಾ ಈ ಸಲ” ಎಂದಳು. ಅವನು ಬಿಡಿಸಿಕೊಂಡು ಲುವಾ ಕೂತಲ್ಲಿಗೆ ಬಂದ.

“ಅಕ್ಕ, ಇವತ್ತಿಂದು ಬರೀಲಾ?”

“ಬರಿ.”

“ಹೆಸರು ಬದಲಾಯಿಸಿ ಬರೀತೀನಿ.”

“ಯಾಕೆ? ನನ್ನ ಹೆಸರಿಗೇನಾಗೈತೆ?” ಎಂದಳು ಲುವಾ. “ಲುವಾ ಅಂತ ಬರಿ. ದ್ವಾನ್ ಹೆಂಡ್ತಿ ಲುವಾ. ಅತ್ತೆ ಹೆಸರೂ ಹಾಕು, ಇಲ್ಲಾಂದ್ರೆ ನನ್ನ ಬಿಡಲ್ಲ ಅವರು.”

“ಚುಮ್ ಹೆಸರು ಮಾತ್ರ ಸಣ್ಣಕ್ಷರದಾಗೆ ಹಾಕಪ್ಪ,” ಎಂದಳು ಅತ್ತೆ. “ಅವಳ ಬಾಯಿ ಈಗಾಗಲೇ ದೊಡ್ಡದೈತೆ.”

ಅವನು ನಕ್ಕ. ನಗುತ್ತಲೇ ಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದು, ಎಲ್ಲರ ಎದುರಿಗೇ, ಮೊದಲ ಸಲ, ಬರೆದುಕೊಂಡ.

ಅದಾದ ಎರಡು ತಿಂಗಳಿಗೆ ಆಜ್ಞೆ ಬಂತು. ಉಗ್ರಾಣದ ಬಾಗಿಲಲ್ಲಿ ಹೆಂಗಸರ ಮೈ ತಡವುವಂತಿಲ್ಲ. ಉಪ್ಪು ತೆಗೆಯುವ ಪ್ರತಿ ಮನೆಯೂ ವರ್ಷಕ್ಕೆ ಹತ್ತು ಸೇರು ಉಪ್ಪನ್ನು ತನ್ನ ಬಳಕೆಗೆ ಇಟ್ಟುಕೊಳ್ಳಬಹುದು. ಥಿಯೆಮ್‌ನ ಸೊಂಟದ ಪಟ್ಟಿ ಬಿಚ್ಚಿಸಿ ಎಲ್ಲಿಗೋ ಕಳಿಸಿದರು. ಎಲ್ಲಿಗೆ ಎಂದು ಯಾರೂ ವಿಚಾರಿಸಲಿಲ್ಲ. ಉಪ್ಪಿನ ಬೆಲೆ ಮಾತ್ರ ಇದ್ದಲ್ಲೇ ಇತ್ತು. ಅದರ ಬಗ್ಗೆ ಇನ್ನೊಂದು ಅರ್ಜಿ ಬರೆಯಲು ವೈದ್ಯರ ಮನೆಯಲ್ಲಿ ಜನ ಸೇರತೊಡಗಿದ್ದರು. ಮುಂದಿನ ಸಾಲಿನಲ್ಲಿ ಕೂರುವವಳು ಲುವಾ.

ಆಜ್ಞೆ ಬಂದ ವಾರ ಅತ್ತೆ ಸಂತೆಯಿಂದ ಒಂದು ಹೊಸ ಮಣ್ಣಿನ ಜಾಡಿ ತರಿಸಿದಳು. ಲುವಾ ಅದನ್ನು ತುಂಬಿಸಿ ಒಳಗೆ ಒಯ್ಯಲು ಹೊರಟಾಗ, “ಅಲ್ಲೆಲ್ಲಿಗೆ? ಇಲ್ಲೇ ಇಡು” ಎಂದು ಜಗಲಿಯ ನಟ್ಟ ನಡುವೆ ಇಡಿಸಿದಳು. ಮುಚ್ಚಳ ಹಾಕಲು ಬಿಡಲಿಲ್ಲ. ಬೆಳಗಿನ ಬಿಸಿಲು ನೇರವಾಗಿ ಜಾಡಿಯ ಬಾಯಿಗೆ ಬೀಳುತ್ತಿತ್ತು. ಬೀದಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು, ಆ ಬಿಳುಪನ್ನು ನೋಡಿ, ಮುಂದೆ ಹೋಗುತ್ತಿದ್ದರು.

ಲುವಾ ಕಾವಡಿಗೆ ಹಗ್ಗ ಬಿಗಿಯುತ್ತಾ ಅಂಗಳದಲ್ಲಿ ಕೂತಿದ್ದಳು. ಜಗಲಿಯ ಕಡೆಯಿಂದ ಸರಸರ ಸದ್ದು ಬಂತು. ಎಲೆ ಅಡಿಕೆ ಕುಟ್ಟುತ್ತಿದ್ದ ಅತ್ತೆ ಕೈ ನಿಲ್ಲಿಸಿ, “ಯಾರದು?” ಎಂದಳು.

ಯಾರದೋ ಎಮ್ಮೆಕರು, ಕೊರಳ ಹಗ್ಗ ನೆಲಕ್ಕೆ ಎಳೆಯುತ್ತಾ ಬಂದು, ಜಾಡಿಯೊಳಗೆ ಮೂತಿ ಇಟ್ಟು ನೆಕ್ಕುತ್ತಿತ್ತು.

“ಎಮ್ಮೆಕರು ಅತ್ತೆ. ಓಡಿಸ್ತೀನಿ ಇರಿ.”

“ಬಿಡು, ತಿನ್ಲಿ,” ಎಂದು ಮುದುಕಿ ಮತ್ತೆ ಕುಟ್ಟತೊಡಗಿದಳು.

ಕರು ತಲೆ ಎತ್ತಿತು. ಮೂಗಿನ ತುದಿಯಿಂದ ಕಣ್ಣಿನವರೆಗೆ ಅದರ ಕರಿ ಮುಖ ಬೆಳ್ಳಗಾಗಿತ್ತು. ಒಂದು ಸಲ ಸೀನಿ, ನಾಲಗೆಯಿಂದ ಮೂಗು ಸವರಿಕೊಂಡು, ಅದು ಪುನಃ ಜಾಡಿಗೆ ಬಾಗಿತು.